ಶಾಂತಿಪಾಲನಾ ಪಡೆಗಳ ನಿಯೋಜನೆ: ಸಾಗಣೆ ಮತ್ತು ಸರಬರಾಜಿನ ಸಮಸ್ಯೆಗಳು

ಪೀಠಿಕೆ

ವಿಶ್ವಸಂಸ್ಥೆಗೆ ತನ್ನದೇ ಆದ ಸೈನ್ಯವಿರುವುದಿಲ್ಲ. ಭದ್ರತಾ ಮಂಡಳಿಯು ನಿರ್ಣಯವನ್ನು ಅಂಗೀಕರಿಸಿದ ನಂತರ ಸದಸ್ಯ ರಾಷ್ಟ್ರಗಳಿಂದ ಪಡೆಗಳನ್ನು ಕೋರಿ, ಅವುಗಳನ್ನು ಸಂಘರ್ಷಪೀಡಿತ ಪ್ರದೇಶಕ್ಕೆ ತಲುಪಿಸಬೇಕಾಗುತ್ತದೆ. ನಿರ್ಣಯಕ್ಕೂ ಮೊದಲ ಸೈನಿಕನ ಆಗಮನಕ್ಕೂ ನಡುವಣ ಕಾಲಾವಧಿಯಲ್ಲಿ ಸಾಮಾನ್ಯ ಜನರ ಪ್ರಾಣವು ಪಣಕ್ಕೊಡ್ಡಲ್ಪಟ್ಟಿರುತ್ತದೆ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು ಎರಡು ಶಾಂತಿಪಾಲನಾ ಕಾರ್ಯಾಚರಣೆಗಳಲ್ಲಿ ಹೊಣೆ ಹೊತ್ತಿದ್ದರು. ಅವುಗಳ ಆಧಾರದ ಮೇಲೆ ಈ ವಿಷಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕೊರಿಯಾ, 1953

1953ರ ಜುಲೈ 27ರಂದು ಕೊರಿಯಾ ಕದನವಿರಾಮ ಒಪ್ಪಂದಕ್ಕೆ ಸಹಿಯಾಯಿತು. ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳ ವಿಚಾರವನ್ನು ಇತ್ಯರ್ಥಪಡಿಸಲು ಐದು ರಾಷ್ಟ್ರಗಳ ತಟಸ್ಥ ಆಯೋಗವನ್ನು ರಚಿಸಲಾಯಿತು. ಇದಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. ಕೈದಿಗಳ ಕಾವಲಿಗೆ ಪಡೆಯನ್ನು ಒದಗಿಸುವ ಹೊಣೆ ಭಾರತವೊಂದರದ್ದೇ ಆಗಿತ್ತು. ಸುಮಾರು 6,000 ಜನರ ಈ ಪಡೆಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರು ದಂಡನಾಯಕರಾಗಿದ್ದರು.

ಪಡೆಯು ಹಡಗುಗಳಲ್ಲಿ ಇಂಚನ್ ಬಂದರನ್ನು ತಲುಪಿದಾಗ ಅನಿರೀಕ್ಷಿತ ತೊಡಕು ಎದುರಾಯಿತು. ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರು ನಿರ್ಬಂಧಿಸಿದ್ದರು. ಬಂದರಿನಿಂದ ರಸ್ತೆ ಅಥವಾ ರೈಲು ಮಾರ್ಗವಾಗಿ ಸಾಗುವ ದಾರಿ ಮುಚ್ಚಿಹೋಗಿದ್ದುದರಿಂದ, ಸೈನಿಕರನ್ನು ಸಮುದ್ರದ ಮೇಲಿಂದಲೇ ಅಮೆರಿಕದ ಹೆಲಿಕಾಪ್ಟರುಗಳಲ್ಲಿ ತಂಡತಂಡವಾಗಿ ಸೇನಾರಹಿತ ವಲಯಕ್ಕೆ ಸಾಗಿಸಲಾಯಿತು. ಅಲ್ಲಿ ಸ್ಥಾಪನೆಯಾದ ಭಾರತೀಯ ಶಿಬಿರವು ‘ಹಿಂದ್ ನಗರ’ವೆಂದು ಹೆಸರಾಯಿತು.

ದಕ್ಷಿಣದ ಪಕ್ಷದಿಂದ ಹಸ್ತಾಂತರವಾದ ಕೈದಿಗಳ ಸಂಖ್ಯೆಯೇ 22,000ವನ್ನು ಮೀರಿತ್ತು. ಇಷ್ಟು ಜನರನ್ನು ಕಾಯುವ ಪಡೆಯು ತನ್ನ ಸರಬರಾಜಿಗಾಗಿ ಬಹುಮಟ್ಟಿಗೆ ಎದುರಾಳಿ ಪಕ್ಷಗಳನ್ನೇ ಅವಲಂಬಿಸಬೇಕಾಯಿತು. ಅನ್ನ ನೀಡುವವರ ಮಾತಿಗೆ ಮಣಿಯದೆ ತಟಸ್ಥವಾಗಿ ಉಳಿಯುವುದು ಸುಲಭವಾಗಿರಲಿಲ್ಲ. ಆದಾಗ್ಯೂ ಪಡೆಯು ಕೊರಿಯಾದ ಕಠಿಣ ಚಳಿಗಾಲವನ್ನು ಕಳೆದು, 1954ರ ಆರಂಭದಲ್ಲಿ ತನ್ನ ಕಾರ್ಯವನ್ನು ಪೂರೈಸಿ ಹಿಂದಿರುಗಿತು.

ಸೈಪ್ರಸ್, 1964

ಭದ್ರತಾ ಮಂಡಳಿಯು 1964ರ ಮಾರ್ಚ್ 4ರಂದು ಸೈಪ್ರಸ್‌ಗೆ ಪಡೆಯನ್ನು ಕಳುಹಿಸಲು ನಿರ್ಣಯಿಸಿತು. ಅದೇ ಮಾರ್ಚ್ 27ರಂದು ಪಡೆಯು ಕಾರ್ಯಾರಂಭ ಮಾಡಿತು. ಬ್ರಿಟಿಷ್ ಸೈನಿಕರು ಹಾಗೂ ನೆಲೆಗಳು ದ್ವೀಪದಲ್ಲಿ ಮೊದಲೇ ಇದ್ದುದು ಈ ತ್ವರಿತ ನಿಯೋಜನೆಗೆ ಅನುಕೂಲವಾಯಿತು. ಆದರೆ ವೆಚ್ಚದ ವಿಷಯದಲ್ಲಿ ಇಂತಹ ಅನುಕೂಲವಿರಲಿಲ್ಲ. ಪಡೆ ಕಳುಹಿಸಿದ ರಾಷ್ಟ್ರಗಳು, ಸೈಪ್ರಸ್ ಸರ್ಕಾರ ಮತ್ತು ಸ್ವಯಂಪ್ರೇರಿತ ವಂತಿಗೆಗಳಿಂದಲೇ ವೆಚ್ಚವನ್ನು ಭರಿಸಬೇಕಿತ್ತು. ಅವಧಿಯೂ ಮೊದಲಿಗೆ ಮೂರು ತಿಂಗಳಿಗೆ ಮಾತ್ರ ಸೀಮಿತವಾಗಿತ್ತು. ಮುಂದಿನ ಹಣ ಖಚಿತವಿಲ್ಲದಾಗ ದೀರ್ಘಕಾಲದ ಗುತ್ತಿಗೆ, ವಸತಿ ಹಾಗೂ ದಾಸ್ತಾನುಗಳ ಯೋಜನೆ ಕಷ್ಟಸಾಧ್ಯವಾಗುತ್ತದೆ. 1964ರ ಜುಲೈನಲ್ಲಿ ಈ ಪಡೆಯ ದಂಡನಾಯಕತ್ವವನ್ನು ವಹಿಸಿಕೊಂಡ ತಿಮ್ಮಯ್ಯನವರು, 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿಯೇ ಕರ್ತವ್ಯದಲ್ಲಿರುವಾಗ ನಿಧನರಾದರು.

ವಿಳಂಬದ ಬೆಲೆ

ರುವಾಂಡಾದಲ್ಲಿ 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ ಅಂದಾಜು 8 ಲಕ್ಷ ಜನರು ಹತರಾದರು. ಮೇ 17ರಂದು ಭದ್ರತಾ ಮಂಡಳಿಯು 5,500 ಜನರ ಪಡೆಗೆ ಮಂಜೂರಾತಿ ನೀಡಿತಾದರೂ, ಸೈನಿಕರು ಮತ್ತು ಸಲಕರಣೆಗಳು ಪೂರ್ಣವಾಗಿ ಒದಗಲು ಸುಮಾರು ಆರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹತ್ಯಾಕಾಂಡವು ಮುಗಿದುಹೋಗಿತ್ತು. ನಿರ್ಣಯವೊಂದೇ ಯಾರನ್ನೂ ರಕ್ಷಿಸಲಾರದು ಎಂಬುದಕ್ಕೆ ಇದೊಂದು ದಾರುಣ ನಿದರ್ಶನವಾಗಿದೆ.

ನಿಯೋಜನೆಯ ಹಂತಗಳು

ನಿಯೋಜನೆಯ ಪ್ರಮುಖ ಹಂತಗಳು ಈ ಕೆಳಕಂಡಂತಿವೆ:

1. ಸ್ಥಳ ಪರಿಶೀಲನೆ: ಬಂದರು, ವಿಮಾನನಿಲ್ದಾಣ, ರಸ್ತೆ, ಸೇತುವೆ ಮತ್ತು ಕುಡಿಯುವ ನೀರಿನ ಲಭ್ಯತೆಯನ್ನು ಮುಂಗಡವಾಗಿ ಪರೀಕ್ಷಿಸಲಾಗುತ್ತದೆ.

2. ಒಡಂಬಡಿಕೆ: ಯಾವ ವಾಹನ ಮತ್ತು ಸಲಕರಣೆಗಳನ್ನು ಯಾರು ತರಬೇಕು, ಅವುಗಳ ನಿರ್ವಹಣೆ ಯಾರದು ಎಂಬುದನ್ನು ವಿಶ್ವಸಂಸ್ಥೆ ಹಾಗೂ ಪಡೆ ಕಳುಹಿಸುವ ರಾಷ್ಟ್ರದ ನಡುವೆ ಲಿಖಿತವಾಗಿ ನಿರ್ಧರಿಸಲಾಗುತ್ತದೆ.

3. ಸಾಗಣೆ: ಸಾಮಾನ್ಯವಾಗಿ ಸೈನಿಕರು ವಿಮಾನದಲ್ಲಿಯೂ, ಭಾರೀ ವಾಹನಗಳು ಹಡಗಿನಲ್ಲಿಯೂ ತೆರಳುತ್ತಾರೆ. ಇವೆರಡರ ಆಗಮನವು ಹೊಂದಿಕೆಯಾಗದಿದ್ದಲ್ಲಿ ವಾಹನವಿಲ್ಲದ ಸೈನಿಕರು ಶಿಬಿರದಲ್ಲಿಯೇ ಉಳಿಯಬೇಕಾಗುತ್ತದೆ.

4. ಒಳನಾಡಿನ ಸಾಗಾಟ: ದಕ್ಷಿಣ ಸುಡಾನ್‌ಗೆ ಸಮುದ್ರತೀರವಿಲ್ಲ. ಕೀನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿದ ಸರಕು ಉಗಾಂಡಾ ಮೂಲಕ ಸಾಗಬೇಕು. ಮಳೆಗಾಲದಲ್ಲಿ ಅಲ್ಲಿನ ಮಣ್ಣಿನ ರಸ್ತೆಗಳು ಸಂಚಾರಕ್ಕೆ ಅಯೋಗ್ಯವಾಗುವುದರಿಂದ, ಒಣ ಋತುವಿನಲ್ಲಿಯೇ ದಾಸ್ತಾನು ಮಾಡುವುದು ಅನಿವಾರ್ಯ.

5. ಮರುಪಾವತಿ: ಪಡೆ ಕಳುಹಿಸುವ ರಾಷ್ಟ್ರಕ್ಕೆ ಪ್ರತಿ ಸೈನಿಕನಿಗೆ ಮಾಸಿಕ ದರದಲ್ಲಿ ಹಣ ಸಂದಾಯವಾಗುತ್ತದೆ. 2018ರ ಜುಲೈನಲ್ಲಿ ಈ ದರವನ್ನು 1,428 ಡಾಲರ್‌ಗೆ ನಿಗದಿಪಡಿಸಲಾಗಿತ್ತು. ಸದಸ್ಯ ರಾಷ್ಟ್ರಗಳ ವಂತಿಗೆ ತಡವಾದಲ್ಲಿ ಈ ಪಾವತಿಯೂ ತಡವಾಗುತ್ತದೆ.

ಸುಧಾರಣಾ ಕ್ರಮಗಳು

2000ರಲ್ಲಿ ಲಖ್ದರ್ ಬ್ರಾಹಿಮಿ ಅವರ ಅಧ್ಯಕ್ಷತೆಯ ಸಮಿತಿಯು, ನಿರ್ಣಯವಾದ 30 ದಿನಗಳೊಳಗೆ ಸಾಮಾನ್ಯ ಕಾರ್ಯಾಚರಣೆಗಳಿಗೂ, 90 ದಿನಗಳೊಳಗೆ ಕ್ಲಿಷ್ಟ ಕಾರ್ಯಾಚರಣೆಗಳಿಗೂ ಪಡೆಗಳನ್ನು ನಿಯೋಜಿಸಬೇಕೆಂದು ಶಿಫಾರಸು ಮಾಡಿತು. ತದನಂತರ ಇಟಲಿಯ ಬ್ರಿಂಡಿಸಿ ನೆಲೆಯಲ್ಲಿ ತುರ್ತು ಬಳಕೆಯ ಸಾಮಗ್ರಿಗಳ ದಾಸ್ತಾನನ್ನು ಇರಿಸುವ ವ್ಯವಸ್ಥೆಯಾಯಿತು. ಭಾರತದಲ್ಲಿಯೂ 2000ರಲ್ಲಿ ನವದೆಹಲಿಯಲ್ಲಿ ಶಾಂತಿಪಾಲನಾ ತರಬೇತಿ ಕೇಂದ್ರವನ್ನು ಸ್ಥಾಪಿಸಲಾಯಿತು.

ಉಪಸಂಹಾರ

ಶಾಂತಿಪಾಲನೆಯಲ್ಲಿ ಸೈನಿಕನ ಧೈರ್ಯದಷ್ಟೇ ಹಡಗು, ರಸ್ತೆ, ಇಂಧನ, ನೀರು ಹಾಗೂ ಸಕಾಲದ ಪಾವತಿಗಳೂ ಮುಖ್ಯವಾಗಿವೆ. ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಅನ್ನು ವಸ್ತುಸಂಗ್ರಹಾಲಯವಾಗಿ ರೂಪಿಸಿ, 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ಶ್ರೀ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು. ಆಸಕ್ತ ಸಾರ್ವಜನಿಕರು, ವಿಶೇಷವಾಗಿ ವಿದ್ಯಾರ್ಥಿಗಳು, ಅಲ್ಲಿಗೆ ಭೇಟಿ ನೀಡಿ ಅವರ ಜೀವನ ಮತ್ತು ಸೇವೆಯ ಪರಿಚಯ ಮಾಡಿಕೊಳ್ಳಬಹುದಾಗಿದೆ.