ಅಲೆಗಳ ನಡುವೆ ವಿಂಡ್‌ಸರ್ಫಿಂಗ್: ಒಳನಾಡಿನ ಯುವಜನರು ಹಾಗೂ ಪೋಷಕರು ಅರಿತಿರಬೇಕಾದ ಸುರಕ್ಷತಾ ಮಾಹಿತಿ

ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳು ಕಡಲಿನಿಂದ ದೂರವಿರುವ ಬಯಲುಸೀಮೆಯ ಪ್ರದೇಶಗಳು. ಲಕ್ಷ್ಮೇಶ್ವರದಿಂದ ಹುಬ್ಬಳ್ಳಿ, ಯಲ್ಲಾಪುರ ಮಾರ್ಗವಾಗಿ ಅಂಕೋಲಾ-ಕಾರವಾರದ ಕಡಲತೀರವನ್ನು ತಲುಪಲು ಸುಮಾರು 200 ಕಿಲೋಮೀಟರ್ ಪ್ರಯಾಣ ಮಾಡಬೇಕಾಗುತ್ತದೆ. ಆದರೂ ಜಲಸಾಹಸ ಶಿಬಿರಗಳಿಗೆ ಮಕ್ಕಳನ್ನು ಕಳುಹಿಸಬಯಸುವ ಪೋಷಕರು ಈ ಭಾಗದಲ್ಲಿಯೂ ಇದ್ದಾರೆ. ಅಂತಹ ಪೋಷಕರು ಅರ್ಜಿ ಸಲ್ಲಿಸುವ ಮುನ್ನ ಈ ಕ್ರೀಡೆಯ ಸ್ವರೂಪವನ್ನೂ, ಅದರಲ್ಲಿ ಅಡಗಿರುವ ಅಪಾಯವನ್ನೂ, ತರಬೇತಿಯು ಯಾವ ಕ್ರಮದಲ್ಲಿ ನಡೆಯಬೇಕೆಂಬುದನ್ನೂ ತಿಳಿದುಕೊಳ್ಳಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಒಳನಾಡಿನವರಿಗೆ ಪ್ರತ್ಯೇಕ ಮಾಹಿತಿ ಏಕೆ ಎಂಬ ಪ್ರಶ್ನೆ ಸಹಜ. 2024ರ ಡಿಸೆಂಬರ್ ತಿಂಗಳಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟರು. ಅವರು ಯಾವುದೇ ಸಾಹಸ ಕ್ರೀಡೆಗೆ ಇಳಿದವರಾಗಿರಲಿಲ್ಲ. ಕಡಲನ್ನು ಬಲ್ಲ ಮೀನುಗಾರರ ಮಕ್ಕಳು ನೀರಿನ ಬಣ್ಣ ನೋಡಿ ಹಿಂದೆ ಸರಿಯುವ ಜಾಗದಲ್ಲಿ ಒಳನಾಡಿನ ಮಕ್ಕಳು ನಿಶ್ಚಿಂತೆಯಿಂದ ಇಳಿಯುತ್ತಾರೆ. ಕೈಯಲ್ಲಿ ಹಾಯಿಯೊಂದು ಇದ್ದಾಗ ಈ ಅಜ್ಞಾನದ ಬೆಲೆ ಇನ್ನೂ ಹೆಚ್ಚಾಗುತ್ತದೆ.

ಕ್ರೀಡೆಯ ಪರಿಚಯ

ತೇಲುವ ಹಲಗೆಯೊಂದರ ಮೇಲೆ, ಎಲ್ಲ ದಿಕ್ಕುಗಳಿಗೂ ಬಾಗಬಲ್ಲ ಕೀಲಿನ ಮೂಲಕ ಕಂಬವನ್ನು ನಿಲ್ಲಿಸಿ, ಅದಕ್ಕೆ ಹಾಯಿಯನ್ನು ಕಟ್ಟಲಾಗುತ್ತದೆ. ಸವಾರನು ಹಲಗೆಯ ಮೇಲೆ ನಿಂತು, ಹಾಯಿಗೆ ಅಡ್ಡಲಾಗಿ ಜೋಡಿಸಿದ ಹಿಡಿಕೆಯನ್ನು ಎರಡೂ ಕೈಗಳಿಂದ ಹಿಡಿದು, ಹಾಯಿಯನ್ನು ಮುಂದಕ್ಕೆ ಅಥವಾ ಹಿಂದಕ್ಕೆ ವಾಲಿಸುತ್ತ ದಿಕ್ಕು ಬದಲಿಸುತ್ತಾನೆ. ಇದಕ್ಕೆ ದೋಣಿಯಂತೆ ಚುಕ್ಕಾಣಿ ಇಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಿಂದ ಮಹಿಳೆಯರಿಗೆ ಈ ಕ್ರೀಡೆಯಲ್ಲಿ ಪ್ರತ್ಯೇಕ ಸ್ಪರ್ಧೆ ಏರ್ಪಟ್ಟಿತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ (2023ರಲ್ಲಿ ನಡೆದದ್ದು) ಭಾರತದ ಈಬಾದ್ ಅಲಿ ಅವರು ಕಂಚಿನ ಪದಕ ಪಡೆದಿರುತ್ತಾರೆ.

ಗಾಳಿಯ ವಿಷಯದಲ್ಲಿ ಗದಗ ಜಿಲ್ಲೆಯ ಮಕ್ಕಳು ಹಿಂದೆ ಬಿದ್ದವರಲ್ಲ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ಅವರು ದಿನವೂ ನೋಡುತ್ತಾರೆ. ಕಣದಲ್ಲಿ ರಾಶಿ ತೂರುವಾಗ ಗಾಳಿ ಯಾವ ಕಡೆಯಿಂದ ಬರುತ್ತಿದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಹಿರಿಯರಿಂದ ಕಲಿತಿರುತ್ತಾರೆ. ಹಾಯಿ ಹಿಡಿಯುವವನಿಗೆ ಬೇಕಾದ ಮೊದಲ ವಿದ್ಯೆಯೂ ಇದೇ. ಆದರೆ ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆ ಕಡಲಿಗೆ ಹಾಗೆಯೇ ಒಪ್ಪುವುದಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲೆ ಬೀಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 12 ಕಿಲೋಮೀಟರ್ ಗಾಳಿಯಲ್ಲಿ ನಗುನಗುತ್ತ ಹಾಯಿ ಹಿಡಿದ ಬಾಲಕನು 24 ಕಿಲೋಮೀಟರ್ ಗಾಳಿಯಲ್ಲಿ ಅದನ್ನು ತಡೆಯಲಾರ. ಮಕ್ಕಳಿಗೆ ಎರಡು-ಮೂರು ಚದರ ಮೀಟರಿನಷ್ಟು ಸಣ್ಣ ಹಾಯಿಯನ್ನೇ ಕೊಡಬೇಕಾದ ಕಾರಣ ಇದೇ ಆಗಿದೆ. ದೊಡ್ಡವರ ಹಾಯಿಯನ್ನು ಮಕ್ಕಳಿಗೆ ಕೊಟ್ಟು "ಅಭ್ಯಾಸವಾಗುತ್ತದೆ" ಎನ್ನುವ ಶಿಬಿರವನ್ನು ಪೋಷಕರು ದೂರವಿಡುವುದು ಲೇಸು.

ಮೊದಲು ನಿಂತ ನೀರು

ಬಾವಿಯಲ್ಲಿ ಸೋರೆಬುರುಡೆ ಅಥವಾ ಡಬ್ಬಿ ಕಟ್ಟಿಕೊಂಡು ಈಜು ಕಲಿತವರು ಈ ಭಾಗದಲ್ಲಿ ಅನೇಕರು. ಆ ಕಲಿಕೆ ಉಪಯುಕ್ತವೇ ಸರಿ. ಆದರೆ ಬಾವಿಯ ನೀರು ಅಲುಗುವುದಿಲ್ಲ, ದಡ ನಾಲ್ಕು ಬೀಸಿಗೆ ಸಿಗುತ್ತದೆ, ಉಸಿರನ್ನು ಯಾವಾಗ ಬೇಕಾದರೂ ಎಳೆದುಕೊಳ್ಳಬಹುದು. ಅಲೆಯಲ್ಲಿ ಉಸಿರೆಳೆಯುವ ಹೊತ್ತನ್ನು ಅಲೆಯೇ ನಿರ್ಧರಿಸುತ್ತದೆ. ಆದುದರಿಂದ ಅರ್ಜಿಯಲ್ಲಿ "ಈಜು ಬರುತ್ತದೆ" ಎಂದು ನಮೂದಿಸುವಾಗ ಎಲ್ಲಿ ಕಲಿತದ್ದು, ನಿಲ್ಲದೆ ಎಷ್ಟು ದೂರ ಈಜಬಲ್ಲರು, ತೆರೆದ ನೀರಿನಲ್ಲಿ ಎಂದಾದರೂ ಈಜಿದ್ದಾರೆಯೇ ಎಂಬುದನ್ನು ಇದ್ದಂತೆ ಬರೆದು ಕೊಡುವುದು ಪೋಷಕರ ಹೊಣೆಯಾಗಿರುತ್ತದೆ. ಮಗುವಿನ ಹೆಸರು ಪಟ್ಟಿಯಿಂದ ಬಿಟ್ಟುಹೋದೀತೆಂಬ ಭಯದಿಂದ ಇಲ್ಲದ ಈಜನ್ನು ಇದೆಯೆಂದು ಬರೆದರೆ, ತರಬೇತುದಾರನು ಆ ಮಗುವನ್ನು ತಪ್ಪು ಗುಂಪಿಗೆ ಸೇರಿಸುತ್ತಾನೆ. ನೀರಿನಲ್ಲಿ ಈ ತಪ್ಪನ್ನು ತಿದ್ದಲು ಸಮಯ ಸಿಗುವುದಿಲ್ಲ.

ಹಾಯಿಯ ಮೊದಲ ಪಾಠಗಳು ಹಿನ್ನೀರು ಅಥವಾ ಕೆರೆಯಲ್ಲಿಯೇ ಆಗಬೇಕು. ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ ಶರಾವತಿಯ ಹಿನ್ನೀರು ಬಹುಕಾಲದಿಂದ ಜಲಕ್ರೀಡೆಗಳಿಗೆ ಹೆಸರಾಗಿದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರ ಹಾಯಿದೋಣಿ ಕ್ಲಬ್ ಇದೆ. ಸಮೀಪದ ಮಾಗಡಿ ಕೆರೆ ವಿಶಾಲವಾಗಿದ್ದರೂ ಅದು ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಪಕ್ಷಿಧಾಮ. 2024ರಲ್ಲಿ ಅದನ್ನು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಗಿದೆ. ಅಲ್ಲಿ ಹಾಯಿ ಬಿಚ್ಚುವ ಆಲೋಚನೆಯನ್ನು ಯಾರೂ ಮಾಡಬಾರದು.

ನಿಂತ ನೀರಿನಲ್ಲಿ ಕಲಿಯಬೇಕಾದ ಪಾಠಗಳ ಪೈಕಿ ಅತಿ ಮುಖ್ಯವಾದುದು ಬೀಳುವುದು. ಹೊಸಬರು ಬೀಳುವಾಗ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಆಗ ಕಂಬ ತಲೆಯ ಮೇಲೆಯೇ ಬೀಳುತ್ತದೆ. ಕೈಬಿಟ್ಟು, ಹಾಯಿಯ ವಿರುದ್ಧ ದಿಕ್ಕಿಗೆ, ಮೈಯನ್ನು ಚಪ್ಪಟೆಯಾಗಿ ಬೀಳಿಸಬೇಕು. ತಲೆ ಕೆಳಗಾಗಿ ಧುಮುಕಬಾರದು, ನೀರು ಎಷ್ಟು ಆಳವಿದೆ ಎಂಬುದು ತಿಳಿದಿರುವುದಿಲ್ಲ. ಮೇಲೆ ಬರುವಾಗ ಒಂದು ಕೈಯನ್ನು ತಲೆಯ ಮೇಲೆ ಚಾಚಿಕೊಂಡೇ ಬರಬೇಕು.

ಹಾಯಿಯ ಅಡಿಯಲ್ಲಿ ಸಿಲುಕಿದರೆ ಅನೇಕರು ಗಾಬರಿಯಿಂದ ಅತ್ತಿತ್ತ ತಡಕಾಡುತ್ತಾರೆ. ಅಂಗೈಯಿಂದ ಹಾಯಿಯನ್ನು ಮೇಲಕ್ಕೆ ತಳ್ಳಿದರೆ ಉಸಿರಾಡುವಷ್ಟು ಜಾಗ ದೊರೆಯುತ್ತದೆ; ಅನಂತರ ಒಂದೇ ದಿಕ್ಕಿನಲ್ಲಿ ಕೈಗಳನ್ನು ಒಂದರ ಮುಂದೊಂದು ಇಡುತ್ತ ಹೋದರೆ ಅಂಚು ಸಿಕ್ಕೇ ಸಿಗುತ್ತದೆ. ಇದನ್ನು ಎದೆಮಟ್ಟದ ನೀರಿನಲ್ಲಿ, ತರಬೇತುದಾರನು ಪಕ್ಕದಲ್ಲಿ ನಿಂತಿರುವಾಗ, ಮಗು ಬೇಸರಪಟ್ಟುಕೊಳ್ಳುವವರೆಗೆ ಮಾಡಿಸಬೇಕು. ಇದು ರೂಢಿಯಾಗುವ ಮೊದಲು ಯಾವ ಮಗುವೂ ಅಲೆಗಳತ್ತ ಹೋಗತಕ್ಕದ್ದಲ್ಲ.

ಅಲೆ ಒಡೆಯುವ ಜಾಗ

ಅಲೆಯು ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳದ ನೀರನ್ನು ತಲುಪಿದಾಗ ಒಡೆಯುತ್ತದೆ. ಅಂದರೆ ಒಂದು ಮೀಟರ್ ಎತ್ತರದ ಅಲೆಯು ಒಡೆಯುವ ಜಾಗದಲ್ಲಿ ನೀರು ಸುಮಾರು ಒಂದೂಕಾಲು ಮೀಟರ್ ಆಳವಿರುತ್ತದೆ. ದಡದಲ್ಲಿ ನಿಂತ ತಂದೆಗೆ ಅದು ಎದೆಮಟ್ಟ. ಹನ್ನೆರಡು ವರ್ಷದ ಮಗಳಿಗೆ ಕುತ್ತಿಗೆಮಟ್ಟ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. "ಸಣ್ಣ ಅಲೆ, ಏನೂ ಆಗುವುದಿಲ್ಲ" ಎಂಬ ಮಾತನ್ನು ಈ ಲೆಕ್ಕದೊಂದಿಗೆ ಹೋಲಿಸಿ ನೋಡಬೇಕು.

ಅಲೆಯ ವಲಯವನ್ನು ದಾಟಿ ಹೊರಹೋಗುವವನು ಮೊದಲು ದಡದಲ್ಲಿ ಕನಿಷ್ಠ ಹತ್ತು-ಹದಿನೈದು ನಿಮಿಷ ಕುಳಿತು ನೋಡಬೇಕು. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ದೊಡ್ಡವು ಕೆಲವು ಬಂದ ಮೇಲೆ ಕೊಂಚ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಹೊರಟು, ಅಲೆಯನ್ನು ನೇರವಾಗಿ ಎದುರಿಸಿ, ಮಂಡಿಗಳನ್ನು ಸಡಿಲಗೊಳಿಸಿ, ಅಲೆ ಮುಟ್ಟುವ ಹೊತ್ತಿಗೆ ಭಾರವನ್ನು ಹಿಂದಿನ ಕಾಲಿಗೆ ಸರಿಸಿ ಹಲಗೆಯ ಮೂತಿಯನ್ನು ಎತ್ತಿಕೊಡಬೇಕು. ಅಡ್ಡಲಾಗಿ ಸಿಕ್ಕ ಹಲಗೆಯನ್ನು ಅಲೆ ಉರುಳಿಸದೆ ಬಿಡುವುದಿಲ್ಲ.

ನಿಂತ ನೀರಿನಲ್ಲಿ ಬಿದ್ದಾಗ ನೀರೊಳಗಿನ ಹಾಯಿಯು ಲಂಗರಿನಂತೆ ಹಲಗೆಯನ್ನು ಹಿಡಿದು ನಿಲ್ಲಿಸುತ್ತದೆ. ಸವಾರನು ಹಲಗೆಯನ್ನು ಬಿಟ್ಟು ಹೋಗಬಾರದೆಂಬುದು ಮೂಲ ನಿಯಮ. ಏಕೆಂದರೆ ಹಲಗೆ ತೇಲುತ್ತದೆ, ದೂರದಿಂದ ಕಾಣುತ್ತದೆ. ಒಡೆಯುವ ಅಲೆಗಳ ನಡುವೆ ಮಾತ್ರ ಇದಕ್ಕೆ ಇನ್ನೊಂದು ನಿಯಮ ಕೂಡಿಕೊಳ್ಳುತ್ತದೆ. ಸವಾರನು ಸದಾ ಹಲಗೆಯ ಕಡಲಿನ ಬದಿಯಲ್ಲಿರಬೇಕೇ ಹೊರತು ಹಲಗೆಗೂ ದಡಕ್ಕೂ ನಡುವೆ ಇರಬಾರದು. ನಡುವೆ ನಿಂತವನ ಮೇಲೆ ಅಲೆಯು ಹಲಗೆಯನ್ನು ಎತ್ತಿ ಎಸೆಯುತ್ತದೆ. ಕಡಲಿನಲ್ಲಿ ಆಗುವ ಪೆಟ್ಟುಗಳಲ್ಲಿ ಸ್ವಂತ ಹಲಗೆಯಿಂದ ಆಗುವ ಪೆಟ್ಟನ್ನು ಹೊಸಬರು ಊಹಿಸಿಯೇ ಇರುವುದಿಲ್ಲ. ತಲೆಗವಸು ಇದೇ ಕಾರಣಕ್ಕೆ ಬೇಕು. ತೇಲುಕವಚದ ವಿಷಯದಲ್ಲಿ ಅನುಭವಿಗಳಲ್ಲಿ ಭಿನ್ನಾಭಿಪ್ರಾಯವಿದೆ: ಅದನ್ನು ತೊಟ್ಟವನು ಅಲೆಯ ಅಡಿಯಲ್ಲಿ ಮುಳುಗಿ ಪಾರಾಗುವುದು ಕಷ್ಟ ಎನ್ನುವುದು ಸುಳ್ಳಲ್ಲ. ಆದರೆ ಕಲಿಯುತ್ತಿರುವ ಮಕ್ಕಳ ಮಟ್ಟಿಗೆ ಈ ಚರ್ಚೆಗೆ ಅವಕಾಶವಿಲ್ಲ. ಅಳತೆಗೆ ಸರಿಯಾದ ಕವಚವನ್ನು ತೊಟ್ಟಿರಲೇಬೇಕು. ಹಾಯಿಗೆ ಕೊಕ್ಕೆಯಿಂದ ಸಿಕ್ಕಿಸಿಕೊಳ್ಳುವ ಸೊಂಟಪಟ್ಟಿಯನ್ನು ಅಲೆಗಳಲ್ಲಿ ಹೊಸದಾಗಿ ಕಲಿಯುವವರಿಗೆ ಕೊಡಬಾರದು.

ಸೆಳವು ಮತ್ತು ದಡದ ಗಾಳಿ

ದಡಕ್ಕೆ ಬಂದ ನೀರು ಹಿಂದಿರುಗಲೇಬೇಕಷ್ಟೆ. ಅದು ಕೆಲವು ಕಡೆ ಕಿರಿದಾದ ಹಾದಿ ಮಾಡಿಕೊಂಡು ವೇಗವಾಗಿ ಹೊರಹರಿಯುತ್ತದೆ. ಈ ಸೆಳವಿನ ಜಾಗದಲ್ಲಿ ಅಲೆಗಳು ಕಡಿಮೆ ಒಡೆಯುವುದರಿಂದ ನೀರು ಶಾಂತವಾಗಿ, ತುಸು ಕಪ್ಪಾಗಿ ಕಾಣುತ್ತದೆ. ಕಡಲನ್ನು ಅರಿಯದವರು ಶಾಂತವೆಂದು ಆರಿಸಿಕೊಳ್ಳುವುದು ಅದನ್ನೇ. ಸೆಳವಿಗೆ ಸಿಕ್ಕವರು ದಡದತ್ತ ಎದುರೀಜಿ ಬಳಲುವ ಬದಲು ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು. ನದಿಮುಖಗಳಲ್ಲಿ ಇಳಿತದ ಸಮಯದಲ್ಲಿ ಹೊರಹರಿವು ಇನ್ನೂ ಬಲವಾಗಿರುತ್ತದೆ. 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದ ಮೂಲ್ಕಿ ಸಮೀಪದ ಸಸಿಹಿತ್ಲು ತೀರವು ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸ್ಥಳ. ಕಾರವಾರದಲ್ಲಿ ಕಾಳಿ ನದಿ ಇದೆ. ಇಂತಹ ತೀರಗಳಲ್ಲಿ ಸ್ಥಳೀಯ ಮೀನುಗಾರರನ್ನು ವಿಚಾರಿಸದೆ ನೀರಿಗಿಳಿಯಬಾರದು.

ಸೆಳವಿನಷ್ಟೇ ಮುಖ್ಯವಾದುದು ಗಾಳಿಯ ದಿಕ್ಕು. ಚಳಿಗಾಲ ಮತ್ತು ಬೇಸಿಗೆಯಲ್ಲಿ ನಮ್ಮ ಕರಾವಳಿಯಲ್ಲಿ ಬೆಳಗಿನ ಗಾಳಿ ಸಾಮಾನ್ಯವಾಗಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಮಧ್ಯಾಹ್ನದ ನಂತರ ಕಡಲಿನಿಂದ ನೆಲದತ್ತ ತಿರುಗುತ್ತದೆ. ಬೆಳಿಗ್ಗೆ ದಡದ ಬಳಿ ಕಡಲು ಕನ್ನಡಿಯಂತಿರುತ್ತದೆ, ಹಾಯಿ ಸಲೀಸಾಗಿ ಹೊರಡುತ್ತದೆ. ಆದರೆ ಆ ಗಾಳಿಯು ಬಿದ್ದವನನ್ನು ದಡದಿಂದ ದೂರಕ್ಕೆ ಒಯ್ಯುತ್ತದೆ, ದೂರ ಹೋದಷ್ಟೂ ಗಾಳಿಯೂ ಅಲೆಯೂ ಹೆಚ್ಚುತ್ತವೆ. ನೆಲದ ಗಾಳಿಯಲ್ಲಿ ಮಕ್ಕಳನ್ನು ಕಡಲಿಗಿಳಿಸುವ ತರಬೇತುದಾರನನ್ನು, ಅವನು ಎಷ್ಟೇ ನಿಪುಣನಾಗಿರಲಿ, ಪೋಷಕರು ಪ್ರಶ್ನಿಸಬೇಕು. ದಡಕ್ಕೆ ಓರೆಯಾಗಿ ಕಡಲಿನಿಂದ ಬರುವ ಗಾಳಿಯೇ ಕಲಿಕೆಗೆ ತಕ್ಕದ್ದು. ಹೋಗುವ ಖರ್ಚಿಗಿಂತ ಹಿಂದಿರುಗುವ ಖರ್ಚನ್ನು ಮೊದಲು ತೆಗೆದಿಡಬೇಕೆಂಬ ಲೆಕ್ಕ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆಗಳು ನಮ್ಮ ತೀರಕ್ಕೆ ಬಂದು ಅಪ್ಪಳಿಸುವುದುಂಟು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂತಹ ಅಲೆಗಳ ಮುನ್ಸೂಚನೆಯನ್ನು ಪ್ರಕಟಿಸುತ್ತದೆ; ಶಿಬಿರದ ವ್ಯವಸ್ಥಾಪಕರು ಅದನ್ನು ಪ್ರತಿದಿನ ನೋಡಬೇಕು. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಮಕ್ಕಳ ಕಡಲ ತರಬೇತಿಯ ಪ್ರಶ್ನೆಯೇ ಉದ್ಭವಿಸುವುದಿಲ್ಲ; ಮಳೆಗಾಲ ಮುಗಿಯುವವರೆಗೆ ಕಾಯುವುದೇ ಸರಿ.

ಪೋಷಕರು ವಿಚಾರಿಸಬೇಕಾದ ಸಂಗತಿಗಳು

ಶಿಬಿರಕ್ಕೆ ಒಪ್ಪಿಗೆ ಪತ್ರ ಬರೆದುಕೊಡುವ ಮುನ್ನ ಪೋಷಕರು ಕೆಲವು ವಿಷಯಗಳನ್ನು ಲಿಖಿತವಾಗಿ ಕೇಳಿ ಪಡೆಯಬಹುದು. ತರಬೇತುದಾರರು ಎಲ್ಲಿ ತರಬೇತಿ ಪಡೆದವರು? ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದ್ದು, ಜೀವರಕ್ಷಕರಿಗೂ ಜಲಕ್ರೀಡಾ ಸಿಬ್ಬಂದಿಗೂ ಅಲ್ಲಿ ತರಬೇತಿ ನೀಡಲಾಗುತ್ತದೆ. ಒಬ್ಬ ತರಬೇತುದಾರನ ಬಳಿ ಎಷ್ಟು ಮಕ್ಕಳು? ಆರಕ್ಕಿಂತ ಹೆಚ್ಚಾದರೆ ನಿಂತ ನೀರಿನಲ್ಲಿಯೇ ಅದು ಹೆಚ್ಚು. ಅಲೆಗಳಲ್ಲಿ ಇನ್ನೂ ಕಡಿಮೆ ಇರಬೇಕು. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಚಾಲಕನಿರುವ ರಕ್ಷಣಾ ದೋಣಿ ನೀರಿನಲ್ಲಿಯೇ ಇರುವುದೇ, ಅಥವಾ ದಡದಲ್ಲಿ ಕಟ್ಟಿಹಾಕಿದೆಯೇ? ಈ ಕೊನೆಯ ಪ್ರಶ್ನೆಗೆ ದೊರೆಯುವ ಉತ್ತರದಿಂದ ಶಿಬಿರದ ಗುಣಮಟ್ಟವನ್ನು ಬಹುಮಟ್ಟಿಗೆ ಅಳೆಯಬಹುದಾಗಿದೆ.

ಮೂರ್ಛೆರೋಗ, ಉಬ್ಬಸ, ಹೃದಯದ ತೊಂದರೆ ಇರುವ ಮಕ್ಕಳ ಬಗ್ಗೆ ವೈದ್ಯರ ಪ್ರಮಾಣಪತ್ರದಲ್ಲಿ ಮರೆಮಾಚದೆ ನಮೂದಿಸತಕ್ಕದ್ದು. ಮಗುವಿಗೆ ಸಂಕಟಸೂಚನೆಯನ್ನು ಮನೆಯಲ್ಲಿಯೇ ಕಲಿಸಿ ಕಳುಹಿಸಬಹುದು: ಹಲಗೆಯ ಮೇಲೆ ಕುಳಿತು ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ, ನಿಧಾನವಾಗಿ ಮೇಲೆ ಕೆಳಗೆ ಆಡಿಸುವುದು. ಇದು ಎಲ್ಲ ದೇಶಗಳ ನಾವಿಕರಿಗೂ ಅರ್ಥವಾಗುವ ಸಂಕೇತ.

ನೀರಿನಿಂದ ಎತ್ತಿದ ವ್ಯಕ್ತಿಯ ಹೊಟ್ಟೆ ಅದುಮಿ ನೀರು ಕಕ್ಕಿಸುವ, ತಲೆಕೆಳಗಾಗಿ ಹಿಡಿಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಇದರಿಂದ ಅಮೂಲ್ಯ ಸಮಯ ವ್ಯರ್ಥವಾಗುವುದಲ್ಲದೆ, ಹೊಟ್ಟೆಯಲ್ಲಿದ್ದುದು ಶ್ವಾಸಕೋಶ ಸೇರುವ ಅಪಾಯವೂ ಇದೆ. ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಯಿಟ್ಟು ಉಸಿರು ನೀಡಿ, ಎದೆಯ ಮಧ್ಯಭಾಗವನ್ನು ಒತ್ತುವ ಚಿಕಿತ್ಸೆಯನ್ನು ಒಡನೆಯೇ ಆರಂಭಿಸಬೇಕು.

ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗಾಗಿ 108, ಕಡಲಿನಲ್ಲಿ ಸಿಲುಕಿದವರ ರಕ್ಷಣೆಗಾಗಿ ಭಾರತೀಯ ತಟರಕ್ಷಣಾ ಪಡೆಯ 1554 ಸಂಖ್ಯೆಗಳಿಗೆ ಕರೆ ಮಾಡಬಹುದು. ಶಿಬಿರಕ್ಕೆ ಹೊರಡುವ ಮಗುವಿನ ಚೀಲದಲ್ಲಿ ಈ ಮೂರು ಸಂಖ್ಯೆಗಳೊಂದಿಗೆ ರಕ್ತದ ಗುಂಪು ಹಾಗೂ ಮನೆಯವರ ದೂರವಾಣಿ ಸಂಖ್ಯೆಯನ್ನು ಬರೆದಿಡುವಂತೆ ಪೋಷಕರಲ್ಲಿ ಕೋರಲಾಗಿದೆ.