ಮನಸ್ಸಿನ ಆಘಾತ: ಮಿದುಳು ಕಲಿತ ಪಾಠ, ಚಿಕಿತ್ಸೆ ಕಲಿಸುವ ಪಾಠ

ಪ್ರಯೋಗಶಾಲೆಯ ಜರ್ನಲ್‌ಗಳನ್ನು ತಿದ್ದುವ ಶಿಕ್ಷಕರಿಗೆ ಅರ್ಧಕ್ಕೇ ನಿಂತ ಕೋಷ್ಟಕಗಳು ಹೊಸತಲ್ಲ. ಗಂಟೆ ಬಾರಿಸಿರುತ್ತದೆ, ಇಲ್ಲವೇ ಹುಡುಗನಿಗೆ ಬೇಸರ ಬಂದಿರುತ್ತದೆ. 2024ರ ಮಳೆಗಾಲದಲ್ಲಿ ನಿಪ್ಪಾಣಿ ಭಾಗದ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬನ ಜರ್ನಲ್ ನನ್ನ ಕೈಗೆ ಬಂತು. ಲೋಲಕದ ಪ್ರಯೋಗದಲ್ಲಿ ಏಳು ಅಳತೆಗಳು ಅಚ್ಚುಕಟ್ಟಾಗಿದ್ದವು, ಎಂಟನೆಯದರಿಂದ ಎಲ್ಲವೂ ಖಾಲಿ. ಅವನು ಜಾಣ ಹುಡುಗ. ಆ ದಿನ ಇದ್ದಕ್ಕಿದ್ದಂತೆ ಲ್ಯಾಬ್ ಬಿಟ್ಟು ಹೊರಗೆ ಹೋದನೆಂದು ಜೊತೆಯವರು ಹೇಳಿದರು.

ಕರೆದು ಕೇಳಿದಾಗ ಅವನೆಂದ: "ಸರ್, ಪತ್ರಾಸ ಮ್ಯಾಲ ಮಳಿ ಜೋರ ಬಿತ್ತಲ್ರಿ, ಆ ಸಪ್ಪಳಾ ಕೇಳಿದ್ರ ನೀರ ಬಂತಂತನ ಅನಸ್ತೈತ್ರಿ. ಎದಿ ಡಬಡಬ ಅಂತೈತಿ, ಕೈ ನಡಗತಾವ."

2019ರ ಆಗಸ್ಟ್‌ನಲ್ಲಿ ಅವನು ಎಂಟನೆಯ ತರಗತಿಯಲ್ಲಿದ್ದ. ಮನೆ ವೇದಗಂಗೆಯ ದಂಡೆಯ ಹಳ್ಳಿಯಲ್ಲಿ. ರಾತ್ರಿ ನೀರು ಏರಿದಾಗ ತಾಯಿ ಅವನ ಕೈ ಹಿಡಿದು ಎತ್ತರದ ಜಾಗಕ್ಕೆ ಓಡಿದಳು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಎಮ್ಮೆ ಅಲ್ಲಿಯೇ ಉಳಿಯಿತು. "ನಾ ಹಗ್ಗಾ ಬಿಚ್ಚಬೇಕಿತ್ರಿ" ಎಂದು ಅವನು ಸುಮ್ಮನಾದ.

ನಾನು ಆಡಿದ ಮಾತು ಇದು: "ಆಗಿದ್ದ ಆಗಿ ಹೋತು, ಮರತ ಬಿಡಪಾ. ಗಂಡ ಹುಡುಗಾ ಇದ್ದೀ, ಧೈರ್ಯಾ ಇರಬೇಕು." ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆದರೆ ಆ ಮಾತಿನಲ್ಲಿ ವಿಜ್ಞಾನವಿರಲಿಲ್ಲ. ಮುಂದಿನ ಎರಡು ವಾರ ಅವನು ಕಾಲೇಜಿಗೇ ಬರಲಿಲ್ಲ. ನನ್ನ ತಪ್ಪು ಏನಿತ್ತೆಂದು ತಿಳಿಯಲು ಓದಿದ್ದನ್ನು ಅವನ ಒಪ್ಪಿಗೆ ಪಡೆದು, ಗುರುತು ಮರೆಮಾಡಿ, ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಘಾತ ಎಂದರೇನು?

ಜೀವಕ್ಕೆ ಅಥವಾ ಮೈಗೆ ಅಪಾಯ ಒಡ್ಡುವ ಘಟನೆಯನ್ನು ಅನುಭವಿಸಿದಾಗ ಇಲ್ಲವೇ ಕಣ್ಣಾರೆ ಕಂಡಾಗ ಮನಸ್ಸಿಗೆ ಆಗುವ ಗಾಯವೇ ಮಾನಸಿಕ ಆಘಾತ. ನೆರೆ, ಭೂಕಂಪ, ಬೆಂಕಿ, ರಸ್ತೆ ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯ, ಯುದ್ಧ ಇವೆಲ್ಲ ಅದಕ್ಕೆ ಕಾರಣವಾಗಬಹುದು. ಘಟನೆಯ ನಂತರದ ಕೆಲವು ದಿನ ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು, ಅಳುವುದು ಸಹಜ. ಅದು ರೋಗವಲ್ಲ. ಆದರೆ ಒಂದು ತಿಂಗಳು ಮೀರಿಯೂ ನಾಲ್ಕು ಬಗೆಯ ಲಕ್ಷಣಗಳು ಉಳಿದು ದಿನನಿತ್ಯದ ಬದುಕಿಗೆ ಅಡ್ಡಿಯಾದರೆ ಅದನ್ನು ಆಘಾತೋತ್ತರ ಒತ್ತಡದ ಬೇನೆ, ಅಂದರೆ ಪಿಟಿಎಸ್‌ಡಿ, ಎನ್ನುತ್ತಾರೆ. ಆ ನಾಲ್ಕು ಹೀಗಿವೆ: ಘಟನೆ ಈಗಲೇ ನಡೆಯುತ್ತಿದೆ ಎಂಬಂತೆ ಮರುಕಳಿಸುವುದು, ಅದನ್ನು ನೆನಪಿಸುವ ಜಾಗ, ಸದ್ದು, ಮಾತುಗಳಿಂದ ತಪ್ಪಿಸಿಕೊಳ್ಳುವುದು, ‘ತಪ್ಪು ನನ್ನದೇ’, ‘ಯಾರನ್ನೂ ನಂಬಲಾಗದು’ ಎಂಬಂತಹ ವಿಚಾರಗಳು ಬೇರೂರುವುದು, ಸದಾ ಎಚ್ಚರದಲ್ಲಿ, ಬಿಗಿದ ತಂತಿಯಂತೆ ಇರುವುದು. ಅಮೆರಿಕದ ಮನೋವೈದ್ಯರ ಸಂಘ ಈ ಬೇನೆಯನ್ನು ತನ್ನ ಅಧಿಕೃತ ಕೈಪಿಡಿಯಲ್ಲಿ ಸೇರಿಸಿದ್ದು 1980ರಲ್ಲಿ.

ಆಘಾತ ಕಂಡವರೆಲ್ಲರಿಗೂ ಈ ಬೇನೆ ಬರುವುದೇ? ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು ಶೇಕಡಾ 70ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಇಂತಹ ಘಟನೆಯನ್ನು ಎದುರಿಸುತ್ತಾರೆ. ಅವರಲ್ಲಿ ಬೇನೆಗೆ ಒಳಗಾಗುವವರು ಶೇಕಡಾ 5.6ರಷ್ಟು ಮಾತ್ರ. ಹೆಚ್ಚಿನವರು ಮನೆಯವರ, ನೆರೆಹೊರೆಯವರ ಆಸರೆಯಲ್ಲಿ ಚೇತರಿಸಿಕೊಳ್ಳುತ್ತಾರೆ.

ಸ್ಪ್ರಿಂಗಿನ ಹೋಲಿಕೆ ಎಲ್ಲಿ ತಪ್ಪುತ್ತದೆ?

‘ಸ್ಟ್ರೆಸ್’ ಎಂಬ ಪದ ಭೌತವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಮೊದಲೇ ಪರಿಚಿತವಾಗಿತ್ತು. ಜೀವಿಗಳ ವಿಷಯದಲ್ಲಿ ಅದನ್ನು ಬಳಕೆಗೆ ತಂದವರಲ್ಲಿ ಪ್ರಮುಖರು ಹ್ಯಾನ್ಸ್ ಸೆಲ್ಯೆ. ಹೀಗಾಗಿ ನಮ್ಮಂಥವರಿಗೆ ಥಟ್ಟನೆ ಹೊಳೆಯುವುದು ಸ್ಪ್ರಿಂಗಿನ ಚಿತ್ರ. ಸ್ಥಿತಿಸ್ಥಾಪಕ ಮಿತಿಯನ್ನು ಮೀರಿ ಎಳೆದ ಸ್ಪ್ರಿಂಗ್ ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಆಘಾತಗೊಂಡ ಮನಸ್ಸೂ ಹಾಗೆಯೇ ಕೆಟ್ಟುಹೋಯಿತು ಎಂದು ನಾವು ಭಾವಿಸುತ್ತೇವೆ. ಈ ಹೋಲಿಕೆ ತಪ್ಪು. ಆಘಾತದಲ್ಲಿ ಮಿದುಳು ಒಂದು ಪಾಠವನ್ನು ಅತಿಯಾಗಿ ಕಲಿತಿರುತ್ತದೆ. ಸ್ಪ್ರಿಂಗ್ ಏನನ್ನೂ ಕಲಿಯಲಾರದು. ಮಿದುಳು ಮತ್ತೆ ಕಲಿಯಬಲ್ಲದು. ಚಿಕಿತ್ಸೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಮಿದುಳಿನಲ್ಲಿ ನಡೆಯುವುದೇನು?

ಕಿವಿಗೆ ಬಿದ್ದ ಸದ್ದಿನ ಸಂಕೇತ ಮಿದುಳಿನ ಒಳಭಾಗದ ಥಲಾಮಸ್ ತಲುಪಿ, ಅಲ್ಲಿಂದ ಎರಡು ದಾರಿ ಹಿಡಿಯುತ್ತದೆ. ಒಂದು ನೇರವಾಗಿ ಅಮಿಗ್ಡಲಾ ಎಂಬ, ಬಾದಾಮಿ ಬೀಜದ ಆಕಾರದ ಭಾಗಕ್ಕೆ ಹೋಗುವ ಹತ್ತಿರದ ದಾರಿ. ಇನ್ನೊಂದು ಮಿದುಳಿನ ಹೊರಪದರದ ಮೂಲಕ ಸುತ್ತಿ ಬರುವ ದೂರದ ದಾರಿ. ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಇದನ್ನು ವಿವರಿಸಿದವರು ಜೋಸೆಫ್ ಲೆಡೂ. ಹತ್ತಿರದ ದಾರಿಯಲ್ಲಿ ವೇಗ ಹೆಚ್ಚು, ನಿಖರತೆ ಕಡಿಮೆ. ‘ಇದು ಬರಿಯ ಮಳೆ’ ಎಂದು ಹೊರಪದರ ಗುರುತಿಸುವ ಮೊದಲೇ ಅಮಿಗ್ಡಲಾ ಗಂಟೆ ಬಾರಿಸಿರುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಹೃದಯದ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹಿಂದೆಯೇ ಕಾರ್ಟಿಸೋಲ್ ಎಂಬ ಹಾರ್ಮೋನು ಬರುತ್ತದೆ. ಓಡಲು ಅಥವಾ ಹೋರಾಡಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಹುಲಿ ಎದುರಾದಾಗ ಇದು ಜೀವ ಉಳಿಸುತ್ತದೆ, ಲೋಲಕದ ಮುಂದೆ ನಿಂತಾಗ ಪ್ರಯೋಗ ಕೆಡಿಸುತ್ತದೆ.

ಈ ಗಂಟೆಯನ್ನು ಹತೋಟಿಯಲ್ಲಿಡುವುದು ಹಣೆಯ ಹಿಂದಿರುವ ಮುನ್‌ಮಿದುಳಿನ ಹೊರಪದರ. ಘಟನೆ ಯಾವಾಗ, ಎಲ್ಲಿ ನಡೆಯಿತು ಎಂಬ ಮುದ್ರೆಯನ್ನು ನೆನಪಿಗೆ ಒತ್ತುವುದು ಹಿಪೊಕ್ಯಾಂಪಸ್. ತೀವ್ರ ಭಯದ ಗಳಿಗೆಯಲ್ಲಿ ಸದ್ದು, ವಾಸನೆ, ಕತ್ತಲೆ ಇವು ಗಾಢವಾಗಿ ದಾಖಲಾಗುತ್ತವೆ. ಕಾಲ, ಸ್ಥಳಗಳ ಮುದ್ರೆ ಮಾತ್ರ ಮಸುಕಾಗುತ್ತದೆ ಎಂದು ಅನೇಕ ಸಂಶೋಧಕರು ವಿವರಿಸುತ್ತಾರೆ. ದಿನಾಂಕವಿಲ್ಲದ ಪತ್ರದಂತೆ ಆ ನೆನಪು ಪ್ರತಿ ಸಲವೂ ‘ಇಂದಿನದು’ ಎಂದೇ ಬಂದು ತಲುಪುತ್ತದೆ. 2019ರ ನೀರು ನಮ್ಮ ಹುಡುಗನಿಗೆ 2024ರಲ್ಲೂ ಬರುತ್ತಲೇ ಇತ್ತು.

ಕಾಲವೇ ಮದ್ದಲ್ಲವೇ?

ಅನೇಕರಿಗೆ ಹೌದು. ಬೇನೆಗೆ ಒಳಗಾದವರಲ್ಲಿಯೂ ಶೇಕಡಾ 40ರವರೆಗಿನ ಜನ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾದರೆ ಉಳಿದವರಿಗೆ ಏಕಿಲ್ಲ? ಒಂದು ಮುಖ್ಯ ಕಾರಣ ತಪ್ಪಿಸಿಕೊಳ್ಳುವಿಕೆ. ಮಳೆಯ ಸದ್ದು ಬಂತು, ಹುಡುಗ ಲ್ಯಾಬ್ ಬಿಟ್ಟು ಓಡಿದ, ಎದೆ ಹಗುರಾಯಿತು. ಆ ನೆಮ್ಮದಿಯೇ ಒಂದು ಬಹುಮಾನ. ‘ಓಡಿದ್ದರಿಂದ ಬದುಕಿದೆ’ ಎಂದು ಮಿದುಳು ಬರೆದುಕೊಳ್ಳುತ್ತದೆ. ಅಲ್ಲಿಯೇ ನಿಂತಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ‘ಮರೆತುಬಿಡು’ ಎಂಬ ನನ್ನ ಉಪದೇಶವೂ ತಪ್ಪಿಸಿಕೊಳ್ಳಲು ಕೊಟ್ಟ ಸಲಹೆಯೇ ಆಗಿತ್ತು.

ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ?

ಶಬ್ದ ಕೇಳಿದೊಡನೆ ಜೊಲ್ಲು ಸುರಿಸುವ ಪಾವ್ಲೊವ್‌ನ ನಾಯಿ ನಿಮಗೆ ಗೊತ್ತು. ಅನ್ನ ಕೊಡದೆ ಶಬ್ದವನ್ನಷ್ಟೇ ಮತ್ತೆ ಮತ್ತೆ ಕೇಳಿಸಿದರೆ ಜೊಲ್ಲು ನಿಲ್ಲುತ್ತದೆ. ಆದರೆ ಸ್ವಲ್ಪ ಕಾಲ ಬಿಟ್ಟು ಮತ್ತೆ ಶಬ್ದ ಕೇಳಿಸಿದಾಗ ಜೊಲ್ಲು ಮರಳಿ ಬಂದುದನ್ನೂ ಪಾವ್ಲೊವ್ ಗಮನಿಸಿದ. ಇದರ ಅರ್ಥ ದೊಡ್ಡದು. ಹಳೆಯ ಪಾಠ ಅಳಿಸಿಹೋಗಿರಲಿಲ್ಲ, ಅದರ ಪಕ್ಕದಲ್ಲಿ ಹೊಸ ಪಾಠವೊಂದು ಬಂದು ಕುಳಿತಿತ್ತು. ಆಘಾತದ ಚಿಕಿತ್ಸೆಯೂ ನೆನಪನ್ನು ಒರೆಸಿ ಹಾಕುವುದಿಲ್ಲ. ‘ಈ ಸದ್ದು ಅಂದಿನದಲ್ಲ, ಇಂದಿನದು’ ಎಂಬ ಹೊಸ ಪಾಠವನ್ನು ಬಲಪಡಿಸುತ್ತದೆ.

ಇದಕ್ಕೆ ಪರೀಕ್ಷಿತ ವಿಧಾನಗಳಿವೆ. ಎಡ್ನಾ ಫೋವಾ ರೂಪಿಸಿದ ದೀರ್ಘ ಎದುರುಗೊಳ್ಳುವಿಕೆಯ ಚಿಕಿತ್ಸೆಯಲ್ಲಿ ವ್ಯಕ್ತಿ ಸುರಕ್ಷಿತ ಕೋಣೆಯಲ್ಲಿ, ತಜ್ಞರ ಎದುರು, ನಡೆದುದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳುತ್ತಾನೆ. ಜೊತೆಗೆ, ತಪ್ಪಿಸಿಕೊಳ್ಳುತ್ತಿದ್ದ ಸುರಕ್ಷಿತ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಿರುಗುತ್ತಾನೆ. ಸಾಮಾನ್ಯವಾಗಿ 8ರಿಂದ 15 ಭೇಟಿಗಳು ಬೇಕಾಗುತ್ತವೆ. ಧಾರಕವೊಂದು ರೋಧಕದ ಮೂಲಕ ಖಾಲಿಯಾಗುವಂತೆ ಭಯ ನಿಧಾನವಾಗಿ ಇಳಿಯುತ್ತದೆ ಎಂದು ಮೊದಲು ವಿವರಿಸುತ್ತಿದ್ದರು. ಆದರೆ ಭಯ ಎಷ್ಟು ಇಳಿಯಿತು ಎನ್ನುವುದಕ್ಕಿಂತ, ನಿರೀಕ್ಷಿಸಿದ ಅನಾಹುತ ನಡೆಯಲಿಲ್ಲ ಎಂಬ ಅಚ್ಚರಿಯೇ ಮುಖ್ಯ ಎಂದು ಮಿಶೆಲ್ ಕ್ರಾಸ್ಕ್ ಮುಂತಾದವರು ತೋರಿಸಿದ್ದಾರೆ. ಊಹೆ ಮಾಡು, ಪ್ರಯೋಗ ಮಾಡು, ಫಲಿತಾಂಶ ಊಹೆಗೆ ಹೊಂದದಿದ್ದರೆ ಊಹೆಯನ್ನು ಬದಲಿಸು. ನಾವು ತರಗತಿಯಲ್ಲಿ ಕಲಿಸುವ ವಿಧಾನವೇ ಇದಲ್ಲವೇ?

ಪೆಟ್ರಿಶಿಯಾ ರೆಸಿಕ್ ಅವರ ವಿಧಾನದಲ್ಲಿ ‘ತಪ್ಪು ನನ್ನದೇ’ ಎಂಬಂತಹ ಸಿಕ್ಕಿಬಿದ್ದ ವಿಚಾರಗಳನ್ನು ಪುರಾವೆಗಳ ಮುಂದೆ ಇಟ್ಟು ನೋಡುತ್ತಾರೆ. ಕಣ್ಣುಗಳನ್ನು ಅತ್ತಿತ್ತ ಚಲಿಸುತ್ತಾ ನೆನಪನ್ನು ಮರಳಿ ನೋಡುವ ಇಎಂಡಿಆರ್ ಎಂಬ ವಿಧಾನವನ್ನು ಫ್ರಾನ್ಸಿನ್ ಶಪಿರೊ 1980ರ ದಶಕದ ಕೊನೆಗೆ ರೂಪಿಸಿದರು. ಅದರಿಂದ ಗುಣ ಕಾಣುವುದು ದೃಢಪಟ್ಟಿದೆ, ಆದರೆ ಅದರಲ್ಲಿ ಕಣ್ಣಿನ ಚಲನೆಯ ಪಾಲೆಷ್ಟು ಎಂಬ ಚರ್ಚೆ ಮುಗಿದಿಲ್ಲ. ಮಕ್ಕಳಿಗೆ ತಂದೆತಾಯಿಯರನ್ನೂ ಸೇರಿಸಿಕೊಂಡು ಮಾಡುವ ವಿಧಾನವಿದೆ. ಸೆರ್ಟ್ರಾಲಿನ್‌ನಂತಹ ಔಷಧಗಳು ಕೆಲವರಿಗೆ ನೆರವಾಗುತ್ತವೆ, ಅವನ್ನು ವೈದ್ಯರೇ ಕೊಡಬೇಕು. ಯಾವ ಚಿಕಿತ್ಸೆಯೂ ಎಲ್ಲರಿಗೂ ಸಮನಾಗಿ ಫಲಿಸುವುದಿಲ್ಲ. ಮಧ್ಯದಲ್ಲಿ ಬಿಡುವವರೂ ಇದ್ದಾರೆ.

ಇನ್ನೊಂದು ಎಚ್ಚರಿಕೆ. ಅನಾಹುತ ನಡೆದ ಮರುದಿನವೇ ಎಲ್ಲರನ್ನೂ ಕೂರಿಸಿ ‘ನಡೆದುದನ್ನು ಹೇಳಿ’ ಎಂದು ಒಂದೇ ಸಲ ಮಾತನಾಡಿಸಿ ಮುಗಿಸುವ ಪದ್ಧತಿ ಹಿಂದೆ ಬಳಕೆಯಲ್ಲಿತ್ತು. ಅದರಿಂದ ಬೇನೆ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ನಂತರದ ಅಧ್ಯಯನಗಳು ತಿಳಿಸಿದವು.

ಕರ್ನಾಟಕದ ಅನುಭವ

ಇದು ದೂರದ ದೇಶಗಳ ವಿಷಯವೆಂದು ತಿಳಿಯಬೇಡಿ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಮಡಿದವರ ಬಂಧುಗಳ ದುಃಖವನ್ನು ನಿಮ್ಹಾನ್ಸ್ ತಜ್ಞರು ಅಧ್ಯಯನ ಮಾಡಿದರು. 1984ರ ಭೋಪಾಲ್ ಅನಿಲ ದುರಂತದ ನಂತರ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ಕೊಟ್ಟು ಕೈಪಿಡಿ ಬರೆದರು. ಮನೋವೈದ್ಯರು ಕಡಿಮೆಯಿದ್ದಾಗ ಇರುವ ವೈದ್ಯರಿಗೂ ಕಾರ್ಯಕರ್ತರಿಗೂ ಕಲಿಸಬೇಕು ಎಂಬುದು ಅದರ ತಿರುಳು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೂ ಇದೇ ಹಾದಿಯದು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ನಂತರವೂ ನಿಮ್ಹಾನ್ಸ್ ಕಾರ್ಯಕರ್ತರನ್ನು ತರಬೇತುಗೊಳಿಸಿತು.

ನಮ್ಮ ಭಾಗದಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಸಹ್ಯಾದ್ರಿಯ ಮಳೆಯನ್ನು ಹೊತ್ತು ತರುತ್ತವೆ. 2019ರಲ್ಲಿಯೂ 2021ರಲ್ಲಿಯೂ ಯಮಗರ್ಣಿ ಬಳಿ ಹೆದ್ದಾರಿಯೇ ನೀರಿನಡಿ ಹೋಗಿ ಸಂಚಾರ ನಿಂತಿತ್ತು. ಬಿದ್ದ ಮನೆ, ಸತ್ತ ದನ, ಮುಳುಗಿದ ಕಬ್ಬು ಇವನ್ನು ಪಂಚನಾಮೆಯಲ್ಲಿ ಬರೆಯಬಹುದು. ಮಳೆಗೆ ಬೆಚ್ಚುವ ಮಗುವನ್ನು ಬರೆಯಲು ಅದರಲ್ಲಿ ಕಾಲಂ ಇಲ್ಲ. ಆ ಮಗು ಮೊದಲು ಕಣ್ಣಿಗೆ ಬೀಳುವುದು ತರಗತಿಯಲ್ಲಿ.

ಶಿಕ್ಷಕರು ಏನು ಮಾಡಬಹುದು?

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕೆಲಸ ಹೇಳುತ್ತದೆ: ನೋಡಿ, ಆಲಿಸಿ, ನೆರವಿಗೆ ಜೋಡಿಸಿ.

ನೋಡಿ: ಹಾಜರಿ ತಪ್ಪುವುದು, ಒಂದು ನಿರ್ದಿಷ್ಟ ಸದ್ದಿಗೆ ಅಥವಾ ಜಾಗಕ್ಕೆ ಬೆದರುವುದು, ಕಾರಣವಿಲ್ಲದ ಸಿಟ್ಟು, ತರಗತಿಯಲ್ಲಿ ತೂಕಡಿಕೆ ಇವನ್ನು ಸೋಮಾರಿತನವೆಂದು ಬರೆದುಬಿಡಬೇಡಿ. ಆಲಿಸಿ: ಅವನು ಹೇಳಿದಷ್ಟು ಕೇಳಿ, ಕೆದಕಬೇಡಿ. ಎಲ್ಲರ ಮುಂದೆ ಹೇಳಿಸಬೇಡಿ, ಅದರ ಮೇಲೆ ಪ್ರಬಂಧ ಬರೆಸಬೇಡಿ. ‘ಮರೆತುಬಿಡು’, ‘ಇತರರಿಗೆ ಇನ್ನೂ ಹೆಚ್ಚು ಹಾನಿಯಾಗಿದೆ’ ಎನ್ನಬೇಡಿ. ಜೋಡಿಸಿ: ಚಿಕಿತ್ಸೆ ನಮ್ಮ ಕೆಲಸವಲ್ಲ, ದಾರಿ ತೋರಿಸುವುದು ನಮ್ಮದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಬದುಕು ಬೇಡ ಎಂಬ ಮಾತು ಬಂದರೆ ನಾಳೆಗೆ ಕಾಯಬೇಡಿ, ಅವನನ್ನು ಒಬ್ಬನೇ ಬಿಡಬೇಡಿ.

ನಮ್ಮ ಹುಡುಗನ ಮನೆಗೆ ಹೋಗಿ ನಾನು ಮೊದಲು ಹೇಳಿದ್ದು, "ನಾ ಅವತ್ತ ತಪ್ಪ ಮಾತಾಡಿದೆ" ಎಂದು. ನಂತರ ಅವನು ಸುಮಾರು ಮೂರು ತಿಂಗಳು, ಪ್ರತಿ ಶನಿವಾರ ಬಸ್ಸು ಹಿಡಿದು ಬೆಳಗಾವಿಯ ಮನಶ್ಶಾಸ್ತ್ರಜ್ಞೆಯೊಬ್ಬರಲ್ಲಿಗೆ ಹೋಗಿಬಂದ. ಅವರು ಅವನಿಂದ ಆ ರಾತ್ರಿಯ ನಕ್ಷೆ ಬರೆಸಿದರು: ಕೊಟ್ಟಿಗೆ ಎಲ್ಲಿ, ನೀರು ಎಲ್ಲಿಯವರೆಗೆ ಬಂದಿತ್ತು, ತಾಯಿ ಕೈ ಹಿಡಿದಾಗ ಅವನು ಎಲ್ಲಿದ್ದ. ಕೊಟ್ಟಿಗೆಯ ದಾರಿಯಲ್ಲಿ ಆಗಲೇ ಎದೆಮಟ್ಟದ ನೀರಿತ್ತು ಎಂಬುದನ್ನು ಅವನೇ ತನ್ನ ನಕ್ಷೆಯಿಂದ ಕಂಡುಕೊಂಡ. ಹದಿಮೂರು ವರ್ಷದ ಹುಡುಗ ಹಗ್ಗ ಬಿಚ್ಚಲು ಹೋಗಿದ್ದರೆ ಮರಳಿ ಬರುತ್ತಿರಲಿಲ್ಲ.

ಎಮ್ಮೆಯ ನೆನಪು ಅವನಿಗೆ ಈಗಲೂ ಇದೆ. ಮೊದಲ ಮುಂಗಾರಿನ ರಾತ್ರಿ ಈಗಲೂ ಎಚ್ಚರವಾಗುತ್ತದಂತೆ. ಆದರೆ 2025ರ ಜುಲೈನಲ್ಲಿ, ಪತ್ರಾಸದ ಮೇಲೆ ಮಳೆ ಸುರಿಯುತ್ತಿರುವಾಗಲೇ, ಅವನು ಲ್ಯಾಬಿನಲ್ಲಿ ನಿಂತು ಹಳೆಯ ಜರ್ನಲ್‌ನ ಎಂಟನೆಯ ಅಳತೆ ತೆಗೆದುಕೊಂಡ. ಇಪ್ಪತ್ತು ಆಂದೋಲನಗಳನ್ನು ತಪ್ಪದೆ ಎಣಿಸಿದ.