ಮತ್ತೆ ಕೇಳಿದರೆ ಉತ್ತರ ಬದಲು

ಓದುಗರೊಬ್ಬರು ಬರೆದಿದ್ದಾರೆ: ‘ಮಗಳಿಗೆ ಐದು ವರ್ಷ. ಅಗಲ ಲೋಟದ ಹಾಲನ್ನು ಅವಳ ಕಣ್ಣೆದುರೇ ಉದ್ದ ಲೋಟಕ್ಕೆ ಬಗ್ಗಿಸಿದರೂ ಹಾಲು ಜಾಸ್ತಿಯಾಯಿತು ಅನ್ನುತ್ತಾಳೆ. ಲೆಕ್ಕದಲ್ಲಿ ಹಿಂದೆ ಬೀಳುತ್ತಾಳೋ ಏನೋ?’ ಗಾಬರಿ ಬೇಡ, ಆ ವಯಸ್ಸಿನ ಹೆಚ್ಚಿನ ಮಕ್ಕಳು ಹಾಗೇ ಅನ್ನುವುದು. ಅಬ್ಯಾಕಸ್ ಕ್ಲಾಸಿಗೆ ದುಡ್ಡು ಕಟ್ಟುವ ಅಗತ್ಯವೂ ಇಲ್ಲ.

ಇದನ್ನು ಮೊದಲು ಕೂಲಂಕಷವಾಗಿ ಪರೀಕ್ಷಿಸಿದವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. ಓದಿದ್ದು ಜೀವಶಾಸ್ತ್ರ, ಡಾಕ್ಟರೇಟ್ ಪಡೆದದ್ದು ಮೃದ್ವಂಗಿಗಳ ಮೇಲೆ. 1920ರ ಸುಮಾರಿಗೆ ಪ್ಯಾರಿಸ್ಸಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಬುದ್ಧಿಮತ್ತೆ ಪರೀಕ್ಷೆ ಕೊಡುವ ಕೆಲಸ ಸಿಕ್ಕಿತು. ಸರಿಯುತ್ತರಗಳನ್ನು ಎಣಿಸುವ ಬದಲು ಪಿಯಾಜೆ ತಪ್ಪುತ್ತರಗಳ ಬೆನ್ನುಹತ್ತಿದರು. ಒಂದೇ ವಯಸ್ಸಿನವರೆಲ್ಲ ಒಂದೇ ಥರ ತಪ್ಪುವುದೇಕೆ? ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬುದು ಸುಮಾರು ಏಳು ವರ್ಷದ ತನಕ ಮಗುವಿಗೆ ಹೊಳೆಯುವುದಿಲ್ಲ ಎಂದು ಮುಂದೆ ಜಿನೀವಾದಲ್ಲಿ ಸಾರಿದರು. ಬಿ.ಎಡ್. ಮಾಡಿದವರೆಲ್ಲ ಇಷ್ಟನ್ನು ಬಾಯಿಪಾಠ ಮಾಡಿರುತ್ತಾರೆ.

ನನಗಿಷ್ಟವಾದ ಕಥೆ ಆಮೇಲಿನದು. ಪಿಯಾಜೆಯ ಪ್ರಯೋಗದಲ್ಲಿ ಎರಡು ಲೋಟ ಇಟ್ಟು ‘ಎರಡೂ ಸಮವೋ?’ ಎಂದು ಮೊದಲೊಮ್ಮೆ ಕೇಳುತ್ತಾರೆ, ಬಗ್ಗಿಸಿದ ಮೇಲೆ ಅದನ್ನೇ ಮತ್ತೆ ಕೇಳುತ್ತಾರೆ. ಮೇಷ್ಟ್ರು ‘ಏಳೆಂಟ್ಲ ಎಷ್ಟು?’ ಅಂದಾಗ ಐವತ್ತಾರು ಎಂದ ಹುಡುಗ, ಅವರು ಹುಬ್ಬೇರಿಸಿ ‘ಎಷ್ಟು?’ ಎಂದು ಇನ್ನೊಮ್ಮೆ ಕೇಳಿದರೆ ಐವತ್ನಾಲ್ಕಕ್ಕೆ ಜಾರುವುದಿಲ್ಲವೇ? ಅವನಿಗೆ ಮಗ್ಗಿ ಬರುತ್ತದೆ. ದೊಡ್ಡವರ ಮುಖ ಓದುವುದೂ ಬರುತ್ತದೆ. 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಎಂಬ ಸಂಶೋಧಕರು ಮೊದಲ ಪ್ರಶ್ನೆಯನ್ನು ಕೈಬಿಟ್ಟು ಕೊನೆಯಲ್ಲಿ ಒಂದೇ ಸಲ ಕೇಳಿ ನೋಡಿದರು. ತಪ್ಪುಗಳು ಕಡಿಮೆಯಾದವು.

ಅದೇ ವರ್ಷ ಮೆಕ್‌ಗ್ಯಾರಿಗಲ್ ಮತ್ತು ಎಡಿನ್‌ಬರೋದ ಮಾರ್ಗರೆಟ್ ಡೊನಾಲ್ಡ್‌ಸನ್ ಇನ್ನೂ ಮಜವಾದ ಉಪಾಯ ಹೂಡಿದರು. ಮೇಜಿನ ಮೇಲೆ ಎರಡು ಸಮಸಾಲು ಬಿಲ್ಲೆಗಳು. ಪೆಟ್ಟಿಗೆಯೊಳಗಿಂದ ತುಂಟ ಟೆಡ್ಡಿಯೊಂದು ಹೊರಬಿದ್ದು ಒಂದು ಸಾಲನ್ನು ಕೆಡಿಸಿಬಿಡುತ್ತದೆ. ಅಯ್ಯೋ, ಆಟವೆಲ್ಲ ಹಾಳಾಯಿತು! ಈಗ ಮತ್ತೆ ಕೇಳುವುದಕ್ಕೆ ಕಾರಣವಿದೆ. ಮಗುವಿಗೆ ಅನುಮಾನ ಬರುವುದಿಲ್ಲ. ನಾಲ್ಕರಿಂದ ಆರು ವರ್ಷದ 80 ಮಕ್ಕಳಲ್ಲಿ, ಬಿಲ್ಲೆ ಸರಿಸಿದ್ದು ದೊಡ್ಡವರಾದಾಗ ಸಂಖ್ಯೆ ಬದಲಾಗಿಲ್ಲ ಎಂದವರು ನೂರಕ್ಕೆ ಸುಮಾರು 16. ಟೆಡ್ಡಿಯಾದಾಗ ಸುಮಾರು 63.

ಇದನ್ನು ಹಿಡಿದುಕೊಂಡು ಪಿಯಾಜೆಯನ್ನು ಮೂಲೆಗೆ ತಳ್ಳಿದವರಿದ್ದಾರೆ. ಅದು ಅತಿಯಾಯಿತು. 1986ರಲ್ಲಿ ಮೂರ್ ಮತ್ತು ಫ್ರೈ ಎಂಬವರು ಟೆಡ್ಡಿಯ ಕೈಯಿಂದ ಬಿಲ್ಲೆಗಳ ಸಂಖ್ಯೆಯನ್ನೇ ನಿಜವಾಗಿ ಬದಲಾಯಿಸಿ ನೋಡಿದರು. ಈ ಸಲ ಟೆಡ್ಡಿ ಇದ್ದಾಗಲೇ ಮಕ್ಕಳು ಹೆಚ್ಚು ಎಡವಿದರು. ಗೊಂಬೆಯ ತುಂಟಾಟ ನೋಡುವ ಭರದಲ್ಲಿ ಬಿಲ್ಲೆಗಳ ಕಡೆ ಅವರ ಗಮನವೇ ಹೋಗಿರಲಿಲ್ಲವೇನೋ.